ನಡುವೆ ಇಟ್ಟ ಕುಡುಗೋಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೇವಲಾಪುರದ ಅರಳಿಕಟ್ಟೆ ಪಕ್ಕ ಸರ್ದಾರ್ ಪಾಷಾ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು, ಪೆಡಲ್ ತುಳಿದು ನೋಡುತ್ತಿದ್ದಾರೆ. ಹ್ಯಾಂಡಲ್ ಮುಂದೆ ಬಿಗಿದಿರುವ ಸಾಣೆಕಲ್ಲು ಗರಗರ ತಿರುಗುತ್ತದೆ. ತಲೆಗೆ ಮಫ್ಲರು, ಮೈಗೆ ಮಗನ ಹಳೇ ಖಾಕಿ ಅಂಗಿ, ಕಾಲಲ್ಲಿ ಟೈರಿನ ಚಪ್ಪಲಿ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕಣ್ಣುಜ್ಜಿಕೊಂಡು ಕುಡುಗೋಲು ತಂದು ನಿಲ್ಲುತ್ತಾಳೆ.

"ಯಾರವ್ವ ಇದ್ರಲ್ಲಿ ಕುಯ್ಯೋದು?"

"ನಾನೇ ಕಣ್ ತಾತ. ಹಸೂಗೆ ಹುಲ್ಲು."

ಪಾಷಾ ಸೈಕಲ್ಲಿಂದ ಇಳಿದು ನೆಲದ ಮೇಲೆ ಗೋಣಿತಾಟು ಹಾಸುತ್ತಾರೆ. ಕುಡುಗೋಲನ್ನು ಅದರ ಮೇಲೆ ಇಡುತ್ತಾರೆ. ಸುಮ್ಮನೆ ಇಡುವುದಲ್ಲ, ಅಳತೆ ಹಿಡಿದವರ ಹಾಗೆ ಸರಿಯಾಗಿ ನಡುಮಧ್ಯಕ್ಕೆ, ಹಿಡಿ ಮಗುವಿನ ಕಡೆಗೆ ಬರುವಂತೆ. "ಈಗ ತಕೋ" ಎನ್ನುತ್ತಾರೆ.

"ಇನ್ನೂ ಸಾಣೆನೇ ಇಡ್ದಿಲ್ವಲ್ಲ ತಾತ!"

"ಅದು ಆಮೇಕೆ. ಮೊದ್ಲು ತಕೋ."

ಹುಡುಗಿ ಬಲಗೈಲಿ ಎತ್ತಿಕೊಳ್ಳುತ್ತಾಳೆ. "ಸರಿ, ಕೊಡು" ಎಂದು ಪಾಷಾ ಅದನ್ನು ಈಸಿಕೊಂಡು ಸೀಟಿಗೆ ಹತ್ತುತ್ತಾರೆ. ನಾಗಮಂಗಲದಿಂದ ಮೊದಲನೇ ಬಸ್ಸಿಗೆ ಕಾಫಿಯೂ ಇಲ್ಲದೆ ಬಂದಿಳಿದ ನನಗೆ, ಈ ಮನುಷ್ಯನಿಗೆ ಸ್ವಲ್ಪ ತಿಕ್ಕಲು ಇರಬಹುದೇ ಅನ್ನಿಸಿದ್ದು ನಿಜ. "ಸಾಣೆ ಹಿಡಿಯೋನ ಮೇಲೆ ಅಷ್ಟುದ್ದ ಏನ್ರೀ ಬರೀತೀರಾ?" ಎಂದು ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕೇಳಿದ್ದರು. ಅವರ ಮಾತೂ ನೆನಪಾಯಿತು.

"ಇದೇನ್ ಸಾಬ್ರೇ, ಮಕ್ಕಳಾಟ?" ಎಂದು ಕೇಳಿದೆ.

ಅವರು ಚೀಲದಿಂದ ಇನ್ನೊಂದು ಕುಡುಗೋಲು ತೆಗೆದು ಕೊಟ್ಟರು. ಅದರ ಹಿಡಿಗೆ ಹಸಿರು ಬಟ್ಟೆಯ ತುಂಡು ಕಟ್ಟಿತ್ತು. ಕಟ್ಟೆಯ ಬುಡದಲ್ಲಿ ಬೆಳೆದ ಹುಲ್ಲು ತೋರಿಸಿ, "ಒಂದು ಹಿಡಿ ಕುಯ್ದು ತೋರ್ಸಿ ಸಾರ್" ಅಂದರು. ನಾನೂ ರೈತರ ಮನೆಯವನೇ. ಜಂಬದಿಂದ ಕುಕ್ಕರುಗಾಲಲ್ಲಿ ಕೂತು, ಹುಲ್ಲು ಹಿಡಿದು ಎಳೆದೆ. ಕುಡುಗೋಲು ಬುಡಕ್ಕೆ ಕಚ್ಚಲೇ ಇಲ್ಲ. ಹುಲ್ಲಿನ ಮೇಲೆ ಸರ್ರನೆ ಜಾರಿ ನನ್ನ ಎಡಗೈ ಬೆರಳಿಗೆ ಬಂತು. ಪುಣ್ಯಕ್ಕೆ ಕೈ ಬಿಟ್ಟೆ, ಇಲ್ಲದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಿತ್ತು.

"ತಿಳೀತಾ ಸಾರ್? ಅದು ಎಡಗೈಯೋರ ಕುಡ್ಲು. ನಿಮ್ಗೆ ಒಂದು ನಿಮಿಷ ಇಂಗಾಯ್ತು. ಎಡಗೈ ಐಕ್ಳಿಗೆ ನಮ್ಮ ಕುಡ್ಲಲ್ಲಿ ದಿನಾ ಇಂಗೇ."

ಕುಡುಗೋಲಿನ ಅಂಚನ್ನು ಒಂದು ಮಗ್ಗುಲಿಗೆ ಮಾತ್ರ ಓರೆಯಾಗಿ ಸವೆಸಿರುತ್ತಾರಂತೆ. ಬಲಗೈಗೆ ಹೇಳಿ ಮಾಡಿಸಿದ್ದು. ಅದೇ ಕುಡುಗೋಲು ಎಡಗೈಗೆ ಹೋದರೆ ಓರೆ ಉಲ್ಟಾ ಆಗಿ, ಪೈರು ಹಿಡಿದ ಬೆರಳಿಗೆ ಬರುತ್ತದೆ. ಪಾಷಾ ಮಾಡುವುದಿಷ್ಟೆ: ಎಡಗೈ ಮಕ್ಕಳ ಕುಡುಗೋಲಿಗೆ ಇನ್ನೊಂದು ಮಗ್ಗುಲಿಂದ ಸಾಣೆ ಹಿಡಿದು, ಓರೆಯನ್ನು ಆ ಕಡೆಗೆ ತಿರುಗಿಸಿ ಕೊಡುತ್ತಾರೆ. ಬೇರೆಯವರು ತಿಳಿಯದೆ ಹಿಡಿದು ಕೈ ಕುಯ್ದುಕೊಳ್ಳಬಾರದು ಎಂದು ಹಸಿರು ಬಟ್ಟೆ ಕಟ್ಟುತ್ತಾರೆ. ಸಾಣೆಯ ಮಾಮೂಲಿ ಕೂಲಿಗಿಂತ ಒಂದು ಕಾಸು ಜಾಸ್ತಿ ಇಲ್ಲ.

"ಯಾವ ಕೈ ಅಂತ ಬಾಯಲ್ಲಿ ಕೇಳಿದ್ರಾಗದೇ?" ಅಂದೆ.

"ಕೇಳಿದ್ರೆ ಎಲ್ಲಾ ಬಲಗೈ ಅಂತಾವೆ ಸಾರ್. ಏಟು ತಿಂದವೆ ಪಾಪ. ನಡುವೆ ಇಟ್ಟು ತಕೋ ಅಂದ್ರೆ ಕೈ ಸುಳ್ಳು ಯೋಳಲ್ಲ."

ಕೆ.ಆರ್. ಪೇಟೆಯ ಸರ್ದಾರ್ ಪಾಷಾ ಅವರಿಗೆ ಈಗ ಐವತ್ತಾರು. ಸ್ವಾತಂತ್ರ್ಯ ಬಂದಾಗ ಆರು ವರ್ಷದವನಿದ್ದೆ ಅನ್ನುತ್ತಾರೆ. ಮೊನ್ನೆ ಆಗಸ್ಟಿನಲ್ಲಿ ಅದರ ಐವತ್ತನೇ ವರ್ಷ ಆಯಿತಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಾಲ್ಕು ತಾಲ್ಲೂಕು ಇವರ ಸೈಕಲ್ಲಿಗೆ ಬಾಯಿಪಾಠ. ಪಾಂಡವಪುರದ ಕಡೆ ಕಬ್ಬು ಕಡಿಯೋ ಮಚ್ಚು, ಶ್ರೀರಂಗಪಟ್ಟಣದಲ್ಲಿ ಟೈಲರುಗಳ ಕತ್ತರಿ, ಅಕ್ಕಿಹೆಬ್ಬಾಳು ಸುತ್ತಮುತ್ತ ಭತ್ತದ ಕುಯ್ಲಿನ ಕುಡುಗೋಲು, ಇತ್ತ ನಾಗಮಂಗಲ ಸೀಮೆಯಲ್ಲಿ ರಾಗಿ ಕುಯ್ಲು. ದೂರದ ಊರಾದರೆ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿ, ನೆಂಟರ ಮನೆಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆಯಿಂದ ತುಳಿಯುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಅಲಗು ಕಲ್ಲಿಗೆ ಬೀಳುತ್ತವೆ. ಸಂಜೆ ಹೊತ್ತಿಗೆ ಮಂಡಿಚಿಪ್ಪು ಬೆಂದ ಆಲೂಗಡ್ಡೆಯ ಹಾಗಾಗುತ್ತದಂತೆ.

ಅವರ ಬಲಗೈ ಹೆಬ್ಬೆರಳಿಗೆ ತುದಿ ಇಲ್ಲ. ಅದರ ಕತೆಯನ್ನು ಕೆಲಸ ನಿಲ್ಲಿಸದೆಯೇ ಹೇಳಿದರು.

"ನಾನೂ ಎಡಚನೇ ಸಾರ್. ನಮ್ಮ ಅಬ್ಬಾನೂ ಸಾಣೆ ಇಡೀತಿದ್ದೋರು. ಎಡಗೈ ಮುಂದೆ ಬಂತು ಅಂದ್ರೆ ಕಲ್ಲಿನ ಬೆಲ್ಟಲ್ಲೇ ಬಾರಿಸೋರು. ಹೆದರ್ಕೊಂಡು ಬಲಗೈಲಿ ಇಡ್ದೆ. ಹನ್ನೊಂದು ವರ್ಷ ಆಗ. ಕೈ ತಪ್ತು, ಬೆರಳು ಕಲ್ಲಿಗೆ ಓಯ್ತು. ಅಬ್ಬಾ ಎರಡು ದಿನ ಅನ್ನ ಮುಟ್ನಿಲ್ಲ. ಮೂರನೇ ದಿನ ಎದ್ದು, ಕಲ್ಲು ಬಿಚ್ಚಿ, ಎಡಗೈಗೆ ಸರಿ ಓಗಂಗೆ ಈ ಕಡೆ ಕೂರಿಸಿದ್ರು. ಬಾಯಲ್ಲಿ ಏನೂ ಅನ್ನಲಿಲ್ಲ. ಅದೇ ಕೂರಿಸಿದ್ದು, ಇವತ್ತಿಗೂ ಅಂಗೇ ಐತೆ ನೋಡಿ."

ನೋಡಿದೆ. ಹೌದು, ಕಲ್ಲು ಎಡಕ್ಕೇ ಇದೆ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಪಾಷಾ ಮುಗಿಸಲಿಲ್ಲ. "ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಗನ್ಗೆ ಹೊಡೆದೆ ಸಾರ್" ಅಂದರು. ಮಗ ಜಫರ್ ಆರು ವರ್ಷದವನಿದ್ದಾಗ ಎಡಗೈಲಿ ಬಳಪ ಹಿಡಿದ. ಸ್ಕೂಲಲ್ಲಿ ನಗುತ್ತಾರೆ, ಬೀದಿಯವರು ಆಡಿಕೊಳ್ಳುತ್ತಾರೆ ಎಂದು ಎರಡು ವರ್ಷ ಹೊಡೆದು ಹೊಡೆದು ಬಲಗೈಗೆ ತಂದರು. ಹುಡುಗನ ಕೈ ಬದಲಾಯಿತು, ಜೊತೆಗೆ ಮಾತು ತೊದಲಲು ಶುರುವಾಯಿತು. ಜಫರ್ ಈಗ ಇಪ್ಪತ್ತೆಂಟರ ಆಳು, ಕೆ.ಆರ್. ಪೇಟೆಯಲ್ಲಿ ಟೆಂಪೋ ಓಡಿಸುತ್ತಾನೆ. "ಒಳ್ಳೆ ಮಗ ಸಾರ್. ಮನೇಗೆ ತಂದಾಕ್ತಾನೆ. ನನ್ನ ಜೊತೆ ಮಾತು ಮಾತ್ರ ಕಮ್ಮಿ."

ಮುಂದೆ ಯಾವುದೋ ಸುಗ್ಗಿಯಲ್ಲಿ, ಅಕ್ಕಿಹೆಬ್ಬಾಳಿನ ಹತ್ತಿರ ಒಂದು ಹೆಣ್ಣುಮಗು ಕುಡುಗೋಲು ತಂದಿತಂತೆ. ಅದರ ಬಲಗೈ ಬೆರಳುಗಳ ತುಂಬ ಗಾಯದ ಗೆರೆ. ಪಾಷಾ ಯಾರನ್ನೂ ಕೇಳದೆ ಓರೆ ತಿರುಗಿಸಿ ಕೊಟ್ಟರು. ಮಾರನೇ ವರ್ಷ ಹೋದಾಗ ಮಗು ಓಡಿ ಬಂದು ಎರಡೂ ಕೈ ಚಾಚಿ ತೋರಿಸಿತು, ಹೊಸ ಗಾಯ ಒಂದೂ ಇರಲಿಲ್ಲ. ಇದಾಗಿ ಹನ್ನೆರಡು ವರ್ಷ. ಎಷ್ಟು ಮಕ್ಕಳಿಗೆ ತಿರುಗಿಸಿಕೊಟ್ಟಿರಿ ಅಂದರೆ ಅವರಿಗೆ ಗೊತ್ತಿಲ್ಲ, ಅವರ ಹೆಂಡತಿ ರೆಹಮತುನ್ನೀಸಾಗೆ ಗೊತ್ತು. ಹಸಿರು ಬಟ್ಟೆ ಆಕೆಯ ಹಳೇ ಸೀರೆಯದು. ಸುಗ್ಗಿಗೆ ಮುಂಚೆ ಕೂತು, ಎಣಿಸಿ ತುಂಡು ಹರಿದು ಕೊಡುತ್ತಾರೆ. "ಸೆರಗು ಪೂರಾ ಮುಗೀತು, ಈಗ ಸೀರೆ ಮೈಗೇ ಕೈ ಹಾಕವ್ಳೆ. ಇನ್ನೊಂದು ಹಸಿರು ಸೀರೆ ಕೊಡ್ಸಿ ಆಮೇಲೆ ಸಮಾಜಸೇವೆ ಮಾಡಿ ಅಂತಾಳೆ" ಎಂದು ಪಾಷಾ ನಕ್ಕರು.

ಎಲ್ಲರೂ ಇವರನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ ಅಂದುಕೊಳ್ಳಬೇಡಿ. ಬೈಸಿಕೊಂಡಿರುವುದೇ ಹೆಚ್ಚು. ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಚಿಕ್ಕಸ್ವಾಮಿ ಎಂಬ ರೈತರು ನನ್ನೆದುರಿಗೇ ವಾದಕ್ಕೆ ನಿಂತರು.

"ನೀವ್ ಬರ್ಕೊಳಿ ಸಾಮಿ. ಕುಯ್ಲು ಸಾಲಲ್ಲಿ ಎಲ್ರೂ ಕುಯ್ದ ಪೈರ ಒಂದೇ ಕಡೀಕೆ ಅರಿ ಹಾಕ್ತಾರೆ. ನಡುವೆ ಒಬ್ಬ ಎಡಚ ನಿಂತ್ರೆ ಅವನ ಅರಿ ಅಡ್ಡಡ್ಡ ಬೀಳ್ತದೆ. ಕಂತೆ ಕಟ್ಟೋರ ಗತಿ ಏನು?"

"ಅದ್ಕೇ ನಡುವೆ ನಿಲ್ಲಿಸ್ಬೇಡಿ. ಸಾಲಿನ ಎಡತುದಿಗೆ ನಿಲ್ಸಿ. ಯಾರ್ಗೂ ಅಡ್ಡ ಬರಾಕಿಲ್ಲ" ಅಂದರು ಪಾಷಾ.

"ಊಟಕ್ಕೆ ಕೂತಾಗ?"

"ಉಣ್ಣೋದು ಬಲಗೈಲೇ ಕಣಣ್ಣ. ಅದು ನಿಮ್ಮಲ್ಲೂ ನಮ್ಮಲ್ಲೂ ಒಂದೇ. ಅದ ನಾನೂ ಯೋಳ್ತೀನಿ. ಕೆಲ್ಸಕ್ಕೆ, ಬರವಣಿಗೆಗೆ ಅದ್ಯಾಕೆ ಕಟ್ಟಾಕ್ಬೇಕು?"

ಚಿಕ್ಕಸ್ವಾಮಿ ಬೀಡಿ ಎಸೆದು, ಆಮೇಲೆ ಸಣ್ಣ ದನಿಯಲ್ಲಿ ಒಂದು ಸುದ್ದಿ ಹೇಳಿದರು. "ಆ ದ್ಯಾವಮ್ಮನ ಮೊಮ್ಮಗಳು ಇದ್ಲಲ್ಲ, ಸಹನ. ಈ ಕುಯ್ಲು ಮುಗಿದ್ರೆ ಇಸ್ಕೂಲ್ ಬುಡುಸ್ತಾರಂತೆ."

ಪೆಡಲ್ ನಿಂತುಬಿಟ್ಟಿತು. ಪಾಷಾ ಕೈಲಿದ್ದ ಎರಡು ಕುಡುಗೋಲು ಬೇಗ ಬೇಗ ಮುಗಿಸಿ, ಸೈಕಲ್ ಸ್ಟ್ಯಾಂಡ್ ತೆಗೆದರು. "ಬನ್ನಿ ಸಾರ್. ಒಂದು ಬೀದಿಗೆ ಓಗ್ಬೇಕು. ಅಲ್ಲಿಗೆ ಬರಬ್ಯಾಡ ಅಂದವ್ರೆ. ಆದ್ರೂ ಓಗ್ಬೇಕು."

ದೇವಲಾಪುರದಿಂದ ಒಂದೂವರೆ ಮೈಲಿ. ಊರ ಹೆಸರು ಬರೆಯಬೇಡಿ ಎಂದು ದ್ಯಾವಮ್ಮ ಆಮೇಲೆ ನನ್ನ ಕೈಲಿ ಮಾತು ತೆಗೆದುಕೊಂಡಿದ್ದಾರೆ, ಬರೆಯುವುದಿಲ್ಲ. ಸೈಕಲ್ ತಳ್ಳಿಕೊಂಡು ನಡೆಯುತ್ತ ಪಾಷಾ ಕಳೆದ ವರ್ಷದ್ದನ್ನು ಹೇಳಿದರು. ಒಂಬತ್ತು ವರ್ಷದ ಸಹನ ಕುಡುಗೋಲು ತಂದಳು. ನಡುವೆ ಇಟ್ಟರೆ ಮಗು ಅತ್ತ ಇತ್ತ ನೋಡಿ ಎಡಗೈಲಿ ತೆಗೆದುಕೊಂಡಳು. ತಿರುಗಿಸಿ, ಹಸಿರು ಬಟ್ಟೆ ಕಟ್ಟಿ ಕೊಡುವ ಹೊತ್ತಿಗೆ ಅಜ್ಜಿ ದ್ಯಾವಮ್ಮ ಬಂದರು. "ಮೂರೊರ್ಸದಿಂದ ಈ ಕೂಸಿನ ಕೈ ತಿದ್ದಾಕೆ ಒದ್ದಾಡ್ತಾ ಇವ್ನಿ, ನೀನು ಒಂದು ಗಳಿಗೇಲಿ ಕೆಡಿಸ್ಬುಟ್ಯಾ? ನಾಳೆ ಕೊಟ್ಟ ಮನೇಲಿ ಎಡಗೈ ಮುಂದೆ ಮಾಡಿದ್ರೆ ಯಾರ್ಗೆ ಉಗೀತಾರೆ? ಇನ್ನೊಂದಪ ಈ ಬೀದೀಗೆ ಕಾಲಿಕ್ಬ್ಯಾಡ!" ಎಂದು ಬೀದಿಯೆಲ್ಲ ಕೇಳುವ ಹಾಗೆ ಬೈದು, ಆ ಕುಡುಗೋಲನ್ನು ಅಟ್ಟಕ್ಕೆ ಎಸೆದರು.

ಮಗುವಿಗೆ ಬೇರೆ ಕುಡುಗೋಲು, ಅದೂ ಬಲಗೈಗೇ. ನಾಲ್ಕನೇ ದಿನ ಪಳಗದ ಬಲಗೈ ಜಾರಿ ಎಡಗೈಯ ಉಂಗುರದ ಬೆರಳನ್ನು ಕುಯ್ದಿತು. ನಾಗಮಂಗಲದ ಆಸ್ಪತ್ರೆಯಲ್ಲಿ ಆರು ಹೊಲಿಗೆ. "ಹೋಗ್ಲಿ ಬುಡು, ಇನ್ನಾದ್ರೂ ಎಡಗೈ ಚಟ ಬುಡ್ತದೆ" ಎಂದರಂತೆ ಕೆಲವರು. ಇಂಥ ಮಾತು ಆಡುವ ಬಾಯಿಗೆ ಏನು ಹೇಳೋಣ! ಅಲ್ಲಿಂದಾಚೆಗೆ ಹುಡುಗಿ ಸ್ಕೂಲಲ್ಲಿ ಬಲಗೈಲಿ ಬರೆಯಲಾರಳು, ಎಡಗೈ ಎತ್ತಲು ಹೆದರಿಕೆ. ಬರೆಯುವುದನ್ನೇ ಬಿಟ್ಟಳು. ಆಮೇಲೆ ಓದುವುದನ್ನೂ ಬಿಟ್ಟಳು. ದಡ್ಡಿ ಎಂಬ ಹೆಸರು ಬಂತು. "ಸಾಕು, ಮನೇಲಿದ್ದು ದನ ನೋಡ್ಕೊಳ್ಳಲಿ" ಎಂದು ಅಪ್ಪ ಚಲುವರಾಜು ತೀರ್ಮಾನ ಮಾಡಿದರು.

"ಕೂಸು ದಡ್ಡಿ ಅಲ್ಲ ಸಾರ್. ಹೋದ್ವರ್ಷ ಈ ಕಲ್ಲಿನ ಮೇಲೆ ಬರೆದಿರೋದ ಗಡಗಡ ಓದಿದ್ಲು. ನನ್ಗೇ ಓದಕ್ಕೆ ಬರಲ್ಲ" ಅಂದರು ಪಾಷಾ.

ಬೀದಿಗೆ ಬಂದು ಒಂದು ಹಲಸಿನ ಮರದ ಕೆಳಗೆ ಸ್ಟ್ಯಾಂಡ್ ಹಾಕಿದರು. "ಸಾಣೇ... ಕುಡ್ಲು, ಮಚ್ಚು, ಈಳಿಗೆಮಣೆ ಸಾಣೇ..." ಎಂದು ಕೂಗಿದರು. ಯಾರೂ ಬರಲಿಲ್ಲ. ಬಾಗಿಲಲ್ಲಿ ನಿಂತವರು ಒಳಗೆ ಹೋದರು. ಕಾಲು ಗಂಟೆ, ಅರ್ಧ ಗಂಟೆ. ಪಾಷಾ ಬರೀ ಕಲ್ಲನ್ನು ತಿರುಗಿಸುತ್ತ ಕೂತಿದ್ದಾರೆ. ನಾನು, "ನಡೀರಿ ಸಾಬ್ರೇ, ಬೈಸ್ಕೊಳ್ಳೋದು ಯಾಕೆ?" ಅಂದೆ. ಅವರು ತಲೆಯಾಡಿಸಿ ಇನ್ನೊಂದು ಸಲ ಕೂಗಿದರು.

ಎದುರು ಮನೆಯ ಬಾಗಿಲು ತೆರೆದು ಒಬ್ಬ ಮುದುಕಿ ಬಂದರು. ಎತ್ತರದ ಆಳು, ಬಿಳೀ ತಲೆ, ಸೆರಗಿನೊಳಗೆ ಏನೋ ಮುಚ್ಚಿಟ್ಟುಕೊಂಡಿದ್ದಾರೆ. ಪಾಷಾ ಸೀಟಿಂದ ಇಳಿದು ನಿಂತರು. "ಇವ್ರೇ ದ್ಯಾವಮ್ಮ" ಎಂದು ನನಗೆ ಪಿಸುಗುಟ್ಟಿದರು. ಈಗ ಶುರು ಮಂಗಳಾರತಿ ಎಂದುಕೊಂಡೆ.

ದ್ಯಾವಮ್ಮ ಸೆರಗಿನಿಂದ ಎರಡು ಕುಡುಗೋಲು ತೆಗೆದರು. ಒಂದಕ್ಕೆ ಹಸಿರು ಬಟ್ಟೆ ಇತ್ತು, ಧೂಳು ಹಿಡಿದು ಬಣ್ಣ ಮಾಸಿತ್ತು. ಅದನ್ನು ಮುಂದೆ ಹಿಡಿದು, "ಸಾಬ್ರೇ, ಇದು ನಮ್ಮ ಕೂಸಿಂದು. ಮೊಂಡಾಗದೆ. ನೀನು ಹಿಡಿದಿದ್ದ ಮಗ್ಗುಲಿಗೇ ಹಿಡಿ" ಅಂದರು.

ಪಾಷಾ ಕುಡುಗೋಲನ್ನು ಎರಡೂ ಕೈಲಿ ಈಸಿಕೊಂಡರು. ದ್ಯಾವಮ್ಮ ಮುಂದುವರಿಸಿದರು.

"ಮೊನ್ನೆ ಹೊಲಕ್ಕೆ ಕುಡ್ಲು ಸಾಲನಿಲ್ಲ. ಅಟ್ಟದಿಂದ ಇದ ಇಳಿಸ್ಕೊಂಡು ಓದೆ. ಬಲಗೈಲಿ ಕಚ್ಚಲೇ ಇಲ್ಲ. ಮೂಲೇಲಿ ಒಬ್ಳೇ ಇದ್ದೆ, ಯಾರೂ ನೋಡ್ತಿರ್ನಿಲ್ಲ. ಕೈ ಬದಲಾಯಿಸ್ದೆ."

"ಆಮೇಲೆ ಅವ್ವಾ?"

"ಆಮೇಲೇನು, ಒಂದು ಪಟ್ಟೆ ರಾಗಿ ಕುಯ್ದೇಬುಟ್ಟೆ. ನಿಲ್ಲಿಸಾಕೇ ಮನಸ್ಸು ಬರ್ನಿಲ್ಲ." ಎಡಗೈಯನ್ನು ತಿರುಗಿಸಿ ತೋರಿಸಿದರು. ಹಿಂಗೈ ಮೇಲೆ ಉದ್ದಕ್ಕೆ ಹಳೇ ಬರೆ. "ನಮ್ಮಜ್ಜಿ ಕಾಯ್ಸಿ ಹಾಕಿದ್ದು. ಆಗ ನನ್ಗೂ ಈ ಕೂಸಿನಷ್ಟೇ ವಯಸ್ಸು. ಐವತ್ತೊರ್ಸ ಆಯ್ತು. ನಾನು ಎಡಚಿ ಅನ್ನೋದೇ ನನ್ಗೆ ಮರ್ತೋಗಿತ್ತು ಕಣಪ್ಪ. ನನ್ಗೆ ಮಾಡಿದ್ದನ್ನೇ ನಾನೂ ಕೂಸಿಗೆ ಮಾಡ್ಬುಟ್ಟೆ."

ಅವರು ಅಳಲಿಲ್ಲ. ಅತ್ತವರು ಪಾಷಾ. ಮಫ್ಲರಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ಸಹನಳ ಕುಡುಗೋಲನ್ನು ಸಾಣೆಗೆ ಹಿಡಿದರು. ಕಿಡಿ ಹಾರಿದವು. ಅಷ್ಟು ಹೊತ್ತಿಗೆ ಮನೆಯ ಕಂಬದ ಹಿಂದಿನಿಂದ ಹುಡುಗಿಯೂ ಹೊರಗೆ ಬಂದು ಜಗುಲಿ ಮೇಲೆ ನಿಂತಿದ್ದಳು.

ಕೆಲಸ ಮುಗಿದ ಮೇಲೆ ದ್ಯಾವಮ್ಮ ಎರಡನೇ ಕುಡುಗೋಲನ್ನು ಚಾಚಿದರು. ಹಿಡಿ ಸವೆದು ನುಣುಪಾದ, ಅವರದೇ ಕುಡುಗೋಲು. ಪಾಷಾ ಕೈ ನೀಡಿದರೆ ಕೊಡಲಿಲ್ಲ.

"ಅಂಗಲ್ಲ. ಐಕ್ಳಿಗೆ ನಡುವೆ ಇಡ್ತೀಯಲ್ಲ, ಅಂಗೆ ಇಡು."

ಪಾಷಾ ಗೋಣಿತಾಟು ಹಾಸಿ, ಕುಡುಗೋಲನ್ನು ನಡುಮಧ್ಯಕ್ಕೆ ಇಟ್ಟು, "ತಕೊಳ್ಳಿ ಅವ್ವಾ" ಅಂದರು. ದ್ಯಾವಮ್ಮ ಬಗ್ಗಿದರು. ಬಲಗೈ ಮುಂದೆ ಹೋಯಿತು. ಅರ್ಧದಲ್ಲಿ ನಿಂತಿತು. ಅವರು ಒಮ್ಮೆ ಜಗುಲಿಯ ಕಡೆ ತಿರುಗಿ ಮೊಮ್ಮಗಳನ್ನು ನೋಡಿದರು. ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡು, ಬರೆ ಬಿದ್ದ ಎಡಗೈಲಿ ಕುಡುಗೋಲು ಎತ್ತಿಕೊಂಡರು. ಜಗುಲಿಯ ಮೇಲಿದ್ದ ಸಹನ "ಅಜ್ಜೀ!" ಎಂದು ಕೂಗಿಯೇಬಿಟ್ಟಳು. ಆ ಹುಡುಗಿಯ ದನಿ ಬೀದಿಯವರು ಕೇಳಿ ಎಷ್ಟೋ ದಿನವಾಗಿತ್ತಂತೆ.

ಒಳಗಿಂದ ಬಂದ ಚಲುವರಾಜು, "ಏನವ್ವ ಇದು, ಬೀದೀಲಿ?" ಅಂದರು.

"ಸುಮ್ಕಿರ್ಲಾ ನೀನು. ನಾಳೆ ಕೂಸಿನ ಜೊತೆ ಇಸ್ಕೂಲಿಗೆ ನಾನೇ ಓಯ್ತೀನಿ. ಮೇಷ್ಟ್ರಿಗೆ ನನ್ನ ಕೈ ತೋರಿಸ್ತೀನಿ. ಅವಳು ಎಡಗೈಲೇ ಬರೀತಾಳೆ. ದನ ಕಾಯಕ್ಕೆ ನೀನಿದ್ದೀಯ."

ಚಲುವರಾಜು ತಲೆ ಕೆರೆದುಕೊಂಡು ನಿಂತರು. ತಾಯಿಗೆ ಎದುರಾಡುವ ಗಂಡುಮಕ್ಕಳು ಆ ಮನೆಯಲ್ಲಿ ಹುಟ್ಟಿದ ಹಾಗೆ ಕಾಣಲಿಲ್ಲ. ಪಾಷಾ ಓರೆ ತಿರುಗಿಸಿ ಮುಗಿಸಿ, ಚೀಲದಿಂದ ಹಸಿರು ತುಂಡು ತೆಗೆದರು. ಇಷ್ಟು ವಯಸ್ಸಾದವರಿಗೆ ಕಟ್ಟಲೋ ಬೇಡವೋ ಎಂದು ಅನುಮಾನಿಸಿದರು.

"ಕಟ್ಟು" ಅಂದರು ದ್ಯಾವಮ್ಮ. "ಕಾಣಂಗೆ ಕಟ್ಟು."

ಆಮೇಲೆ ಬೀದಿಯ ಬಾಗಿಲುಗಳು ತೆರೆದವು. ಹತ್ತು ಗಂಟೆ ಹೊಡೆಯುವುದರೊಳಗೆ ಇಪ್ಪತ್ತೆರಡು ಕುಡುಗೋಲು ಕಲ್ಲಿಗೆ ಬಂದವು. ನಡುವೆ ಇಟ್ಟಾಗ ಇನ್ನೂ ಒಂದು ಮಗು ಎಡಗೈ ಚಾಚಿತು. ಅದರ ತಾಯಿ ಗದರಲು ಬಾಯಿ ತೆರೆದವಳು ದ್ಯಾವಮ್ಮನ ಮುಖ ನೋಡಿ ಮುಚ್ಚಿಕೊಂಡಳು.

ವಾಪಸು ಬರುವಾಗಲೂ ಪಾಷಾ ಸೈಕಲ್ ತಳ್ಳಿಕೊಂಡೇ ನಡೆದರು. ಇಂಥ ಲೇಖನದ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ: ನಿಮಗೇನಾದರೂ ಆಸೆ ಇದೆಯಾ ಸಾಬ್ರೇ? ಹೊಸ ಸೈಕಲ್ಲೋ, ಸರ್ಕಾರದ ಸಾಲವೋ, ಮೋಟರ್ ಇರುವ ಸಾಣೆಯೋ ಎಂದು ಬರೆದುಕೊಳ್ಳಲು ಪೆನ್ನು ಹಿಡಿದಿದ್ದೆ.

"ನಮ್ಮ ಜಫರ್ ಮನೆ ಮುಂದೆ ಟೆಂಪೋ ರಿಪೇರಿ ಮಾಡ್ತಾನೆ ಸಾರ್" ಅಂದರು. "ನಾನು ಅಲ್ಲಿದ್ರೆ ಸ್ಪ್ಯಾನರ್ ಬಲಗೈಲೇ ಇಡ್ಕತಾನೆ. ನಾನು ಒಳೀಕೆ ಓದ್ಮೇಲೆ ಎಡಗೈಗೆ ಬದಲಾಯಿಸ್ತಾನೆ. ಕಿಟಕೀಲಿ ನೋಡಿವ್ನಿ. ಮದ್ವೆ ಆಗಿ ಒಂದು ಮಗು ಆಗದೆ, ಇನ್ನೂ ನನ್ನ ಕಂಡ್ರೆ ಕೈ ಬಚ್ಚಿಡ್ತಾನೆ."

ಸೈಕಲ್ ನಿಲ್ಲಿಸಿ, ಕಲ್ಲಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಅಂಗೈಲಿ ಒರೆಸಿದರು.

"ಒಂದಪ ನನ್ನ ಮುಂದೇನೇ ಎಡಗೈಲಿ ಸ್ಪ್ಯಾನರ್ ಇಡೀಲಿ ಸಾರ್. ನಾನೇನೂ ಅನ್ನಲ್ಲ. ಪಕ್ಕದಲ್ಲಿ ಕುಂತು ನಟ್ಟು ಎತ್ಕೊಡ್ತೀನಿ, ಅಷ್ಟೇ."